ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಕಲ್ಲು

ಸಿಂಧನೂರಿನ ಬಳಿ ಎಡದಂಡೆ ಕಾಲುವೆ ಅಗೆಯುತ್ತಿದ್ದ ವರ್ಷಗಳಲ್ಲಿ ನಾನು ಗುತ್ತೇದಾರನೊಬ್ಬನ ಟ್ರ್ಯಾಕ್ಟರ್ ಓಡಿಸುತ್ತಿದ್ದೆ. ಅದರ ಮುಂದೆ ಎರಡು ಕಬ್ಬಿಣದ ತೋಳು, ತುದಿಗೆ ಮಣ್ಣು ಎತ್ತುವ ದೊಡ್ಡ ಬಕೆಟ್ಟು. ಜನ ಮಸ್ಕಿಯಿಂದ ಬಂಡಿ ಕಟ್ಟಿಕೊಂಡು ಬಂದು ಅದನ್ನು ನೋಡಿ ಬಾಯಿ ತೆರೆಯುತ್ತಿದ್ದರು. ದಿನವೂ ಅದರ ಮೇಲೆ ಕೂರುತ್ತಿದ್ದ ನನಗೆ ಮಾತ್ರ ಅದನ್ನು ಕಂಡರೆ ಮೈಯೆಲ್ಲ ಉರಿ.

ಆ ತೋಳು ಲಾರಿಯ ಅಂಚಿಗಷ್ಟೇ ಮುಟ್ಟುತ್ತಿತ್ತು. ಸೀಟಿನ ಬಳಿಯ ಹಗ್ಗ ಎಳೆದರೆ ಕೊಕ್ಕೆ ಬಿಚ್ಚಿ ಬಕೆಟ್ಟು ಒಂದೇ ಏಟಿಗೆ ಮಗುಚುತ್ತಿತ್ತು. ಸ್ವಲ್ಪ ಸ್ವಲ್ಪ ಸುರಿಯುವ ಮಾತೇ ಇಲ್ಲ. ಮಣ್ಣೆಲ್ಲ ಒಂದೇ ಮಗ್ಗುಲಿಗೆ ಬೀಳುತ್ತಿದ್ದುದರಿಂದ ಅದನ್ನು ಎಳೆದು ಹರಡಲು ಲಾರಿಯೊಳಗೆ ಹೆಂಗಸರು ಸಲಿಕೆ ಹಿಡಿದು ನಿಂತಿರಬೇಕಿತ್ತು. ಅವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ನಾನು ಕೂತಲ್ಲಿಂದ ಲಾರಿಯೊಳಗೆ ಕಾಣುತ್ತಿರಲಿಲ್ಲ. ಹಗ್ಗ ಎಳೆಯುವಾಗೆಲ್ಲ ಅವಳು ಎಲ್ಲಿ ನಿಂತಿದ್ದಾಳೋ ಎಂದು ಜೀವ ಬಾಯಿಗೆ ಬರುತ್ತಿತ್ತು.

ಒಂದು ದಿನ ದೊಡ್ಡ ಮಣ್ಣಿನ ಹೆಂಟೆಯೊಂದು ಅವಳ ಭುಜಕ್ಕೆ ಬಡಿಯಿತು. ಗುತ್ತೇದಾರನಿಗೆ ಹೇಳಿದರೆ, "ಸರದು ನಿಂದ್ರಾಕ ಹೇಳಲೇ ನಿನ್ನ ಹೇಣ್ತಿಗೆ" ಅಂದ. ಸರಿದು ನಿಲ್ಲಲು ಲಾರಿಯೇನು ಲಿಂಗಸುಗೂರಿನ ಅವನ ಮನೆಯ ಪಡಸಾಲೆಯೇ?

ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ ಹೆಂಡತಿಯೂ ನನ್ನ ಮೇಲೆಯೇ ಹಾಯ್ದಳು. "ನಮ್ಮಪ್ಪನ ಬಾವಿ ಕಪಿಲಿಗೆ ಎರಡು ಹಗ್ಗ ಅದಾವ್ರಿ. ದಪ್ಪಂದು ನೀರು ಮ್ಯಾಲೆ ಎಳೀತೈತಿ, ಸಣ್ಣಂದು ಹೆಂಗ ಬೇಕೋ ಹಂಗ ಸುರೀತೈತಿ. ನಿಮ್ಮ ಬಕೀಟಿಗೆ ಒಂದ ಹಗ್ಗ ಯಾಕ?"

ಕೇಳಿದ್ದು ಸರಿಯಾಗಿತ್ತು. ಬಕೆಟ್ಟಿನ ಬೆನ್ನಿಗೆ ಇನ್ನೊಂದು ಹಗ್ಗ ಕಟ್ಟಿ ಸೀಟಿನ ಪಕ್ಕದ ಗೂಟಕ್ಕೆ ಸುತ್ತಿದೆ. ಹಗ್ಗ ಸಡಿಲ ಬಿಟ್ಟಷ್ಟೇ ಬಕೆಟ್ಟು ಬಾಗತೊಡಗಿತು. ಲಾರಿ ಬೇಗ ತುಂಬುತ್ತದೆ ಎಂದು ಪುಸಲಾಯಿಸಿದ ಮೇಲೆ ಗುತ್ತೇದಾರ ತೋಳು ಉದ್ದ ಮಾಡಿಸಲೂ ಒಪ್ಪಿದ. ಹಟ್ಟಿಯಿಂದ ಬಂದ ವೆಲ್ಡಿಂಗಿನವನು ಒಂದು ಮೊಳ ಬೆಸೆದುಕೊಟ್ಟ. ಆದರೆ ತೋಳು ಉದ್ದವಾದ ಮೇಲೆ ಮಣ್ಣು ಎತ್ತಿದರೆ ಹಿಂದಿನ ಗಾಲಿಗಳೇ ನೆಲ ಬಿಟ್ಟವು. ಹಿಂದೆ ಭಾರ ಬೇಕಿತ್ತು. ಪಾಮನಕಲ್ಲೂರಿನ ನನ್ನ ಮಾವ, ಕಣದಲ್ಲಿ ಜೋಳದ ತೆನೆಯ ಮೇಲೆ ಉರುಳಿಸುವ ಕಲ್ಲನ್ನು ಕೊಟ್ಟರು. "ಸುಗ್ಗಿಗೆ ನನ್ನ ಕಲ್ಲು ನನಗ ಬೇಕು ನೋಡಪಾ" ಎಂದು ಮೊದಲೇ ಹೇಳಿದರು.

ಕಲ್ಲು ಕಟ್ಟಿದ ಮೇಲೆ ಹಿಂದಿನ ಗಾಲಿಗಳು ನೆಲ ಬಿಡಲಿಲ್ಲ. ಬಕೆಟ್ಟು ಲಾರಿಯ ನಡುವಿನವರೆಗೂ ಹೋಗಿ ಹದವಾಗಿ ಸುರಿಯಿತು. ಹೆಂಗಸರು ಲಾರಿಯಿಂದ ಇಳಿದು ದಂಡೆಯ ಮಣ್ಣು ಬಡಿದು ಗಟ್ಟಿ ಮಾಡುವ ಕೆಲಸಕ್ಕೆ ಹೋದರು. ಗುತ್ತೇದಾರ ಇದೆಲ್ಲ ತನ್ನದೇ ತಲೆ ಎಂದು ಬಂದವರಿಗೆಲ್ಲ ಹೇಳಿಕೊಂಡ, ಹೇಳಿಕೊಳ್ಳಲಿ. ಸುಗ್ಗಿಗೆ ಮೊದಲು ಕಬ್ಬಿಣದ ಭಾರವೊಂದು ತರಿಸಿ ಎಂದು ನಾನು ಕೇಳಿದಾಗೆಲ್ಲ, "ನೋಡೋಣು" ಅನ್ನುತ್ತಿದ್ದ.

ಸುಗ್ಗಿ ಬಂತು. ಮಾವ ಬಂಡಿ ತಂದರು. ಕಲ್ಲನ್ನು ತೊಳೆದು, ವಿಭೂತಿ ಹಚ್ಚಿ, ಹುಲ್ಲು ಹಾಸಿ ಮಲಗಿಸಿಕೊಂಡು ಹೋದರು.

ಕೆಲಸ ನಿಂತದ್ದು ಕಂಡು ಗುತ್ತೇದಾರ ಜೀಪಿನಿಂದಲೇ ಕೂಗಿದ. "ಹಿಂದ ಹಲಗಿ ಕಟ್ಟಲೇ! ನಾಕು ಹೆಣ್ಣಾಳು ಕುಂದ್ರಸು. ಭಾರ ಅಂದ್ರ ಭಾರ."

ಬಕೆಟ್ಟು ನೆಲಕ್ಕೆ ತಗುಲಿದರೂ, ಖಾಲಿಯಾದರೂ ಹಿಂಬದಿ ಕುಲುಕುತ್ತದೆ. ಕೂತವರು ಜಾರಿದರೆ ನೇರ ಗಾಲಿಯಡಿಗೆ.

"ಬಿದ್ರ ಏನ್ ಮಾಡೂದ್ರಿ?" ಅಂದೆ.

"ಬಿಗಿ ಹಿಡಕೊಂಡು ಕುಂದ್ರಲಿ."

ನನ್ನ ಹೆಂಡತಿ ಸಲಿಕೆ ಬಿಸಾಕಿ ಜೀಪಿನ ಮುಂದೆ ಬಂದು ನಿಂತಳು. "ಕಲ್ಲಿನವ್ರು ಕಲ್ಲು ಕೇಳಾಕ ಬಂದ್ರು, ಹುಲ್ಲು ಹಾಸಿ ಒಯ್ದ್ರು. ನಾವು ಬಿದ್ರ ನಮ್ಮನ್ನ ಕೇಳಾಕ ಯಾರ ಬರ್ತಾರ್ರೀ?"

ಅವನು ನಕ್ಕ. ಆ ನಗು ನೆನೆದರೆ ಇವತ್ತಿಗೂ ನನ್ನ ರಕ್ತ ಕುದಿಯುತ್ತದೆ. "ಬ್ಯಾಡಾದ್ರ ಮನಿಗೆ ಹೋಗ್ರಿ, ಮಂದಿಗೇನು ಬರಗಾಲಿಲ್ಲ" ಅಂದ.

ನಾನು ಎಂಜಿನ್ ಆರಿಸಿ, ನನ್ನ ಹಗ್ಗ ಬಿಚ್ಚಿಕೊಂಡು ಇಳಿದೆ. ಇಬ್ಬರೂ ನಡೆದೇ ಮನೆಗೆ ಬಂದೆವು. ಮರುದಿನ ಹೊಸ ಡ್ರೈವರ್ ಸಿಕ್ಕ. ಹಲಗೆಯ ಮೇಲೆ ಕೂರಲು ಹೆಂಗಸರೂ ಸಿಕ್ಕರು.

ಈಗ ಅಂಥ ಯಂತ್ರ ಎಲ್ಲೇ ನಿಂತಿದ್ದರೂ ಜನ ಅದರ ಬಕೆಟ್ಟು ನೋಡುತ್ತಾರೆ. ನಾನು ಮೊದಲು ಹಿಂದೆ ಹೋಗಿ, ಅಲ್ಲಿ ಏನು ಕಟ್ಟಿದ್ದಾರೆಂದು ನೋಡುತ್ತೇನೆ.