ವಾಸದ ಪರವಾನಗಿಗೆ ತಲೆ ಬಗ್ಗಿಸಿದ್ದು

ಜರ್ಮನಿಯ ಈ ಪುಟ್ಟ ಊರಿನ ಸರ್ಕಾರಿ ಕಚೇರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಖುಷಿಗೆ ಅಕ್ಷರ ಸೊಟ್ಟಗಾಗುತ್ತಿದೆ.

ವಾಸದ ಪರವಾನಗಿಯ ಅರ್ಜಿ ಇವತ್ತೇ ದಾಖಲಾದರೆ ಮಾತ್ರ ನನ್ನ ಹೆಂಡತಿ ಸವಿತಾ ಸೋಮವಾರ ಇಲ್ಲಿನ ಆಸ್ಪತ್ರೆಗೆ ಕೆಲಸಕ್ಕೆ ಸೇರಬಹುದು. ಬೆರಳಚ್ಚೊಂದು ಬಾಕಿಯಿತ್ತು. ತುಮಕೂರಿನಲ್ಲಿ ನರ್ಸ್ ಆಗಿ ಎಂಟು ವರ್ಷ ಕೈ ತೊಳೆದೂ ತೊಳೆದೂ ಅವಳ ಬೆರಳಿನ ಗೆರೆಗಳೇ ಸವೆದಿವೆ. ಮೂರು ಸಲ ಒತ್ತಿದರೂ ಯಂತ್ರದಲ್ಲಿ ಕೆಂಪು ದೀಪ. ಮೇಜಿನಾಚೆಯ ಅಧಿಕಾರಿಣಿ ಮುಂದಿನ ತಿಂಗಳು ಬನ್ನಿ ಎಂದು ಕ್ಯಾಲೆಂಡರ್ ಎಳೆದುಕೊಂಡರು.

"ರೀ, ತಲೆ ಬಗ್ಗಿಸ್ರೀ," ಅಂದಳು ಸವಿತಾ.

ನಮ್ಮೂರು ಗುಬ್ಬಿಯ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಹಿಡಿಯದಿದ್ದರೆ ಎಲ್ಲರೂ ಬೆರಳನ್ನು ತಲೆಗೆ ಉಜ್ಜಿಕೊಂಡು ಮತ್ತೆ ಒತ್ತುತ್ತಾರೆ. ಎಣ್ಣೆ ತಾಗಿದರೆ ಗೆರೆ ಮೂಡುತ್ತದೆ. ಆದರೆ ಇವಳು ಇವತ್ತು ಶಾಂಪೂ ಹಾಕಿ ತಲೆಸ್ನಾನ ಮಾಡಿದ್ದಳು. "ಅಲ್ಲಿಗೂ ಕೊಬ್ರಿ ಎಣ್ಣೆ ಮೆತ್ಕೊಂಡು ಬರ್ತೀರಾ? ಮರ್ಯಾದೆ ಕಳೀಬೇಡಿ ಕಣ್ರೀ," ಎಂದು ಬೆಳಿಗ್ಗೆ ನನ್ನನ್ನು ಬೈದವಳೂ ಇವಳೇ.

ಬಗ್ಗಿಸಿದೆ. ಎರಡೂ ತೋರುಬೆರಳನ್ನು ನನ್ನ ಕೂದಲಿಗೆ ಚೆನ್ನಾಗಿ ಉಜ್ಜಿ, ಗಾಜಿನ ಮೇಲೆ ಒತ್ತಿದಳು. ಹಸಿರು ದೀಪ!

"ಬಂತು ಕಣ್ರೀ!" ಎಂದು ಅವಳು ಕೂಗಿದ್ದಕ್ಕೆ ಇಡೀ ಕೋಣೆ ನಮ್ಮತ್ತ ತಿರುಗಿತು. ಅಧಿಕಾರಿಣಿ ನನ್ನ ತಲೆಯನ್ನೇ ನೋಡುತ್ತಾ ಕಾಗದಕ್ಕೆ ಮೊಹರು ಹೊಡೆದರು.

ಅದನ್ನು ಹಿಡಿದು ಬಾಗಿಲ ತನಕ ಬಂದಿದ್ದೆವು. ಹಿಂದಿನಿಂದ ಅವರೇ ಕರೆದರು. ಮುಂದಿನ ಸರದಿಯ ಮುದುಕರೊಬ್ಬರ ಬೆರಳೂ ಹಿಡಿಯುತ್ತಿರಲಿಲ್ಲ. ಅಧಿಕಾರಿಣಿ ಮುದುಕರ ಪಕ್ಕಕ್ಕೊಂದು ಕುರ್ಚಿ ಎಳೆದು, ನನಗೆ ಕೂರುವಂತೆ ಕೈ ತೋರಿಸಿದರು.