ಗೋಡೆಗೆ ಮುಖ ಮಾಡಿ ಕಲಿಸಿದ್ದು

ಹಾಲು ಕರೆಯುವ ಮಿಷನ್ ಕೂರಿಸಿ, ಅದನ್ನು ಬಳಸುವುದು ಹೇಗೆಂದು ಮನೆಯವರಿಗೆ ಕಲಿಸಿ ಬರುವುದು ನನ್ನ ಕೆಲಸ. ಅರಕೆರೆಯಲ್ಲಿ ಜಯಮ್ಮ ಅನ್ನುವವರ ಕೊಟ್ಟಿಗೆಗೆ ಹೋಗಿದ್ದೆ. ಮೋಟರು ಜೋಡಿಸುವವರೆಗೂ ಕಾಫಿ ಕೊಟ್ಟು ಚೆನ್ನಾಗಿಯೇ ಮಾತಾಡಿಸಿದರು. ಹಸುವಿನ ಕೆಚ್ಚಲು ತೊಳೆದದ್ದೇ ತಡ, "ಒಸಿ ಆ ಕಡೀಕೆ ತಿರುಗ್ಕಳಪ್ಪ" ಅಂದರು.

"ಯಾಕಮ್ಮ?"

"ಆಲು ಕರಿಯೋದ್ನ ಹೊರಗ್ನೋರು ನೋಡ್ಬಾರ್ದು. ದಿಷ್ಟಿಯಾಯ್ತದೆ."

"ನೋಡ್ದೆ ಹೆಂಗಮ್ಮ ಕಲಿಸ್ಲಿ?"

"ಬಾಯಲ್ಲಿ ಯೋಳು. ನಂಗೆ ಕಿವಿ ಕೇಳಿಸ್ತದೆ."

ವಾದಕ್ಕೆ ನಿಂತರೆ ಮಿಷನ್ನು ನನ್ನ ಜೊತೆಗೇ ವಾಪಸ್ ಬರುವ ಲಕ್ಷಣವಿತ್ತು. ಗೋಡೆಗೆ ತಟ್ಟಿದ್ದ ಬೆರಣಿಗಳನ್ನೇ ನೋಡುತ್ತಾ, ಒಂದೊಂದು ಮೊಲೆತೊಟ್ಟಿಗೂ ಕಪ್ ಹಾಕುವುದು ಹೇಗೆಂದು ವಿವರಿಸಿದೆ. ಬುಸ್ಸೆಂದು ಗಾಳಿ ಎಳೆದ ಸದ್ದಾದರೆ, ಕಪ್ ಸರಿಯಾಗಿ ಕೂತಿಲ್ಲ ಅನ್ನುತ್ತಿದ್ದೆ. ಅವರು "ಊಂ" ಅಂತ ಸರಿಮಾಡಿಕೊಳ್ಳುತ್ತಿದ್ದರು. ಕೊನೆಗೆ ಸದ್ದು ಹದಕ್ಕೆ ಬಂತು. ಖುಷಿಯಲ್ಲಿ "ಎಷ್ಟಾಯ್ತಮ್ಮ ಹಾಲು?" ಅಂದುಬಿಟ್ಟೆ. ಬೆನ್ನ ಹಿಂದೆ ಬಟ್ಟೆ ಕೊಡವಿದ ಸದ್ದಾಯಿತು.

"ಈಗ ತಿರುಗ್ಕಳಪ್ಪ" ಅಂದಾಗ ನೋಡಿದರೆ, ಕ್ಯಾನಿನ ಮೇಲೆ ಹಳೇ ಸೀರೆಯ ತುಂಡು ಮುಚ್ಚಿತ್ತು. ಹಸುವಿನ ಕೊರಳಲ್ಲಿದ್ದಂಥದೇ ಕರಿದಾರವನ್ನು ಜಯಮ್ಮ ನನ್ನ ಮೋಟರಿಗೂ ಕಟ್ಟುತ್ತಿದ್ದರು.

ಈ ಸುತ್ತಮುತ್ತ ನಾನು ಕೂರಿಸಿದ ಮಿಷನ್ನುಗಳೆಲ್ಲ ಒಂದಲ್ಲ ಒಂದು ಸಲ ಕೆಟ್ಟಿವೆ, ಅದೊಂದನ್ನು ಬಿಟ್ಟು. ಇದನ್ನು ಮಿಕ್ಕ ಗಿರಾಕಿಗಳಿಗೆ ಹೇಳಲು ಹೋಗಿಲ್ಲ. ರಿಪೇರಿಯಿಂದ ತಾನೇ ನನ್ನ ಜೀವನ ನಡೆಯುವುದು.