ನರ್ಸಮ್ಮನ ಹನ್ನೊಂದು ಹಲಗೆಗಳು

ಸೋಪು ಹಚ್ಚಿ ಹಚ್ಚಿ ನರ್ಸಮ್ಮನ ಅಂಗೈಗಳು ಬೆಳ್ಳಗೆ ಬಿರುಕು ಬಿಟ್ಟಿದ್ದವು. ಆ ಒರಟು ಅಂಗೈಯಲ್ಲಿ ನಾಲ್ಕು ಕವಡೆ ಹಾಕಿ ಕುಲುಕಿದರೆ ಒಣ ಶೇಂಗಾ ಅಲುಗಾಡಿಸಿದ ಸದ್ದು ಬರುತ್ತಿತ್ತು. ಹೆರಿಗೆಗೆ ಹೋದ ಮನೆಯಲ್ಲಿ ಕತ್ತರಿ, ದಾರ ಕುದಿಸುವ ಪಾತ್ರೆಯಲ್ಲೇ ಕವಡೆಗಳನ್ನೂ ಹಾಕಿ ಕುದಿಸುತ್ತಿದ್ದರು. ಮೊದಲ ಸಲ ನೋಡಿದವರು ಇದ್ಯಾವ ಮಾಟವೋ ಎಂದು ಗಾಬರಿಯಾಗುತ್ತಿದ್ದರು.

ಆಲೂರಿನಿಂದ ಆದೋನಿಗೆ ಹೋಗುವ ದಾರಿಯಲ್ಲಿ ನಮ್ಮ ಊರು. ನಾನು ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಗೆ. ಸುತ್ತಲ ಏಳು ಹಳ್ಳಿಗೂ ಸರ್ಕಾರ ಕೊಟ್ಟಿದ್ದು ಈ ಒಬ್ಬ ನರ್ಸಮ್ಮನನ್ನು. ಆಟವೆಂದರೆ ಅವರಿಗೆ ಪ್ರಾಣ ಎಂಬುದು ಏಳು ಹಳ್ಳಿಗೂ ಗೊತ್ತಿತ್ತು. ಹೆರಿಗೆ ಚೆನ್ನಾಗಿ ಆದರೆ ಮನೆಯವರು ಸೀರೆ ಕೊಡುವುದು ಬಿಟ್ಟು ಆಟದ ಹಲಗೆಯನ್ನೇ ತಂದು ಕೊಡುತ್ತಿದ್ದರು. ಕುರಿ ಕಾಯುವವರೊಬ್ಬರು ಕಲ್ಲಿನ ಮೇಲೆ ಹುಲಿ-ಕುರಿ ಆಟದ ಗೆರೆ ಕೊರೆದು ಹೊತ್ತು ತಂದಿದ್ದರು. ಮಂತ್ರಾಲಯದ ಕಡೆಯ ಆಚಾರ್ಯರ ಮನೆಯಿಂದ ಕಸೂತಿ ಹಾಕಿದ ಪಗಡೆ ಹಾಸು ಬಂದಿತ್ತು. ಹಲಸಿನ ಮರದ ಅಳಗುಳಿ ಮಣೆ, ಚೌಕಾಬಾರದ ಹಲಗೆ ಆರು, ಚದುರಂಗ, ಕೇರಂ, ಎಲ್ಲ ಸೇರಿ ಹನ್ನೊಂದು. ಒಂದಕ್ಕಿಂತ ಒಂದು ಚೆಂದ. ಭಾನುವಾರ ಒಂದನ್ನು ಒರೆಸಿ, ಕಾಯಿ ಹೂಡಿ ಕೂರುವಷ್ಟರಲ್ಲಿ ಯಾರದೋ ಎತ್ತಿನ ಗಾಡಿ ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

"ಹಲಗಿ ಹನ್ನೊಂದು ಅದಾವ್ವ. ಕುಂದ್ರಾಕ ಹನ್ನೊಂದು ನಿಮಿಷ ಇಲ್ಲ" ಎಂದು ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು.

ಅವರು ಆಡುತ್ತಿದ್ದದ್ದು ಬೇನೆ ತಿನ್ನುವವರ ಜೊತೆಗೆ ಮಾತ್ರ. ಬೇನೆ ಬಿಗಿಯಾದ ಮೇಲೆ ಚೌಕಾಬಾರದ ಹಲಗೆ ಹಾಸುತ್ತಿದ್ದರು. ನೋವು ಬಂದಾಗ ಆಟ ನಿಲ್ಲುತ್ತಿತ್ತು, ಹೋದಾಗ ಮುಂದುವರಿಯುತ್ತಿತ್ತು, ಒಂದಾಟಕ್ಕೆ ಮೂರು ತಾಸು ಹಿಡಿಯುತ್ತಿತ್ತು. ಸಾಮಾನ್ಯವಾಗಿ ಆಟ ಅರ್ಧಕ್ಕೆ ಬಂದಾಗ ಹೆಣ್ಣುಮಗಳು ಕವಡೆ ಎಸೆದು ಚೀರುತ್ತಿದ್ದಳು, ಕೂಸು ಬರುತ್ತಿತ್ತು. ಆಟ ಪೂರಾ ಮುಗಿದರೂ ಕೂಸು ಬರಲಿಲ್ಲವೆಂದರೆ ಆದೋನಿಗೆ ಗಾಡಿ ಹುಡುಕಬೇಕು. ಚೊಚ್ಚಲಿಗೆ ಎರಡಾಟ, ಆಮೇಲಿನದಕ್ಕೆ ಒಂದೇ. ಗಡಿಯಾರ ತೋರಿಸಿ ತಡವಾಯಿತೆಂದರೆ ನಮ್ಮ ಹಿರಿಯರು ಕೇಳುತ್ತಿರಲಿಲ್ಲ. ಆಟ ಮುಗಿಯಿತೆಂದರೆ ಮಾತಾಡದೆ ಏಳುತ್ತಿದ್ದರು. ನಮ್ಮ ಜನ ಹಾಗೆ, ಏನು ಮಾಡುವುದು.

ನನಗೆ ತವರಿನಲ್ಲಿ ತಾಯಿ ಇರಲಿಲ್ಲ, ಹಾಗಾಗಿ ಚೊಚ್ಚಲೂ ಅತ್ತೆಮನೆಯಲ್ಲೇ. ಗಂಡ ಆದೋನಿಯ ಹತ್ತಿ ಮಿಲ್ಲಿನಲ್ಲಿದ್ದರು. ರಾತ್ರಿ ಬೇನೆ ಶುರುವಾಗಿ, ಬೆಳಗಿನ ಹೊತ್ತಿಗೆ ಮೊದಲಾಟ ಮುಗಿದಿತ್ತು. ಎರಡನೆಯದು ಶುರುವಾದಾಗಿನಿಂದ ನರ್ಸಮ್ಮ ಹೊರಗೆ ನೋಡುವುದು ಹೆಚ್ಚಾಯಿತು. ಊರ ಮುಂದೆ ಹತ್ತಿ ಲಾರಿ ತುಂಬುತ್ತಿತ್ತು. ಅದು ಮಧ್ಯಾಹ್ನ ಆದೋನಿಗೆ ಹೊರಟರೆ ಮತ್ತೆ ಸಂಜೆಯ ಬಸ್ಸೇ ಗತಿ.

"ಆದೋನಿಗೆ ಹೋಗಿ ಒಮ್ಮೆ ಹೊಟ್ಟಿ ಕೊಯ್ಯಿಸಿಕೊಂಡಾಕಿ ಮತ್ತ ಬಗ್ಗಿ ಒಂದು ಕೊಡ ನೀರು ಎತ್ತಂಗಿಲ್ಲ" ಎಂದು ಅತ್ತೆ ಆರು ತಿಂಗಳಿಂದ ಹೇಳುತ್ತಿದ್ದರು. ಅದು ನನ್ನ ಹೊಟ್ಟೆಯಲ್ಲಿ ಕೂಸಿಗಿಂತ ಗಟ್ಟಿಯಾಗಿ ಕೂತಿತ್ತು. ನನ್ನ ಮೂರು ಕಾಯಿ ಹಣ್ಣಾಗಿದ್ದವು. ಕೊನೆಯ ಕಾಯಿ ಮನೆ ಸೇರಲು ಎರಡು ಬೀಳಬೇಕಿತ್ತು. ಎರಡೇ ಬಿತ್ತು. ಅತ್ತೆ ಒಲೆಯ ಕಡೆ ತಿರುಗಿದ್ದರು, ನರ್ಸಮ್ಮನ ಕಣ್ಣು ಹೊರಗೆ ಲಾರಿಯ ಮೇಲಿತ್ತು. ನಾನು ಸೆರಗು ಸರಿಮಾಡಿಕೊಂಡ ಹಾಗೆ ಮಾಡಿ ಒಂದು ಕವಡೆ ಮಗುಚಿದೆ. ಎರಡು ಮೂರಾಯಿತು, ಕಾಯಿ ಕದಲಲಿಲ್ಲ. ಮುಂದೆ ಇನ್ನೊಮ್ಮೆ ಎರಡು ಬಿತ್ತು, ಇನ್ನೊಮ್ಮೆ ಮಗುಚಿದೆ. ಬೇನೆ ಬಂದರೂ ಹಲ್ಲು ಕಚ್ಚಿ ನಕ್ಕೆ. ನಾನು ಚೆನ್ನಾಗಿದ್ದೇನೆ ಎಂದು ಅವರು ನಂಬಲಿ ಎಂದು.

ಮೂರನೆಯ ಸಲ ಆ ಒರಟು ಕೈ ನನ್ನ ಬೆರಳುಗಳ ಮೇಲೆ ಬಿತ್ತು. ನರ್ಸಮ್ಮ ನನ್ನ ಕಿವಿಯ ಹತ್ತಿರ ಬಗ್ಗಿ, "ನಿನ್ನ ಆಟ ಮುಗಿದು ಎಷ್ಟೊತ್ತಾತು?" ಎಂದರು.

ನಾನು ಕವಡೆ ಕೈಬಿಟ್ಟೆ. ಅವರ ಮುಖ ಸುಣ್ಣದ ಗೋಡೆಯಾಯಿತು. ಹೊರಗೆ ಲಾರಿ ಹಾರನ್ ಹೊಡೆಯಿತು. ಅವರು ಎದ್ದು ಬಾಗಿಲಿಗೆ ಓಡಿ, "ಆಪಂಡಯ್ಯಾ, ಲಾರಿ ಆಪಂಡಿ! ನಿಲ್ಲಸ್ರೋ ಯಾರರ!" ಎಂದು ತೆಲುಗು ಕನ್ನಡ ಎರಡರಲ್ಲೂ ಕೂಗಿದರು.

ಅತ್ತೆ ಅಡ್ಡ ನಿಂತರು. "ಆಟ ಇನ್ನಾ ಮುಗಿದಿಲ್ಲಲ್ರಿ ನರ್ಸಮ್ಮಾ? ನಕ್ಕೋಂತ ಆಡಾಕ ಹತ್ಯಾಳ. ನಿಮ್ಮ ಲೆಕ್ಕ ನೀವಾ ತಪ್ಪತೀರೇನು?"

"ತಪ್ಪತೀನಿ. ದಾರಿ ಬಿಡ್ರಿ."

ಹತ್ತಿಯ ಮೇಲೆ ಮಲಗಿಸಿ ಒಯ್ದರು. ದಾರಿಯುದ್ದಕ್ಕೂ ನರ್ಸಮ್ಮ ನನ್ನ ಹೊಟ್ಟೆಯ ಮೇಲೆ ಕಿವಿ ಇಟ್ಟು ಕೂಸಿನ ಎದೆ ಬಡಿತ ಕೇಳುತ್ತಿದ್ದರು. ಒಂದು ಕಡೆ ಬಹಳ ಹೊತ್ತು ತಲೆ ಎತ್ತಲಿಲ್ಲ. ಆ ಹೊತ್ತಿನಷ್ಟು ದೇವರನ್ನು ನಾನು ಯಾವತ್ತೂ ಕರೆದಿಲ್ಲ. ಆದೋನಿಯಲ್ಲಿ ಕೊಯ್ದು ಮಗಳನ್ನು ತೆಗೆದರು. ಮರುದಿನ ಡಾಕ್ಟರಮ್ಮ ನರ್ಸಮ್ಮನ ಎದುರಿಗೇ ನನಗೆ ತೆಲುಗಿನಲ್ಲಿ ಹೇಳಿದರು, ಇನ್ನೊಂದು ತಾಸು ಕಳೆದಿದ್ದರೆ ಕೂಸು ದಕ್ಕುತ್ತಿರಲಿಲ್ಲ, ನೀನೂ ಅನುಮಾನವೇ ಎಂದು. ಅದನ್ನು ನರ್ಸಮ್ಮ ಅತ್ತೆಗೆ ಹೇಳಿದರೂ ಅತ್ತೆ ನಂಬಲಿಲ್ಲ.

ಊರಿಗೆ ಬಂದ ಮೇಲೆ ಅತ್ತೆ ನೀರಿಗೆ ಹೋದಲ್ಲೆಲ್ಲ ಒಂದೇ ಮಾತು: "ಆಟ ಮುಗಿಯೋಕಿಂತ ಮೊದಲಾ ಎಬ್ಬಿಸಿದ್ಲು. ಸುಮ್ಮ ಸುಮ್ಮನ ನನ್ನ ಸೊಸಿ ಹೊಟ್ಟಿ ಕೊಯ್ಯಿಸಿದ್ಲು." ನರ್ಸಮ್ಮನದೇ ನಿಯಮವನ್ನು ನರ್ಸಮ್ಮನೇ ಮುರಿದಿದ್ದರು, ಊರಿಗೆ ಅಷ್ಟು ಸಾಕಾಯಿತು. ಜನ ಕರೆಯುವುದನ್ನು ಬಿಟ್ಟರು. ಕೆಲವರು ಮುದುಕಿ ಸೂಲಗಿತ್ತಿಯ ಹತ್ತಿರ ಹೋದರು, ಕೆಲವರು ಆಲೂರಿಗೆ. ನಾನು ಒಳಕೋಣೆಯಲ್ಲಿ ಕೂಸಿಗೆ ಹಾಲೂಡಿಸುತ್ತ ಎಲ್ಲ ಕೇಳಿಸಿಕೊಂಡೆ. ಬಾಯಿ ಬಿಡಲಿಲ್ಲ.

ನಾಲ್ಕು ತಿಂಗಳಿಗೆ ಮಗಳಿಗೆ ಸೂಜಿ ಹಾಕಿಸಲು ಹೋದೆ. ನಡುಹಗಲು. ನರ್ಸಮ್ಮ ಪಗಡೆ ಹಾಸಿನ ಮುಂದೆ ಒಬ್ಬರೇ ಕೂತಿದ್ದರು. ಈ ಕಡೆ ದಾಳ ಹಾಕಿ, ಕಾಯಿ ನಡೆಸಿ, ಎದ್ದು ಆ ಕಡೆ ಹೋಗಿ ಕೂತು ಅಲ್ಲಿಂದ ಹಾಕುತ್ತಿದ್ದರು. ನನ್ನನ್ನು ನೋಡಿ ನಕ್ಕರು.

"ಬಾ, ಕುಂದ್ರು. ಈಗ ಬೇಕಾದಷ್ಟು ಟೈಮ್ ಐತಿ."

"ನಾ ಕವಡಿ ಮಗುಚಿದ್ದು ನಮ್ಮತ್ತಿಗೆ ನೀವು ಯಾಕ ಹೇಳಲಿಲ್ರಿ?" ಎಂದೆ.

"ಹೇಳಿದ್ರ ನಿನಗ ಬಿಸಿ ಅನ್ನ ಯಾರು ಹಾಕತಿದ್ರು? ಹಸಿ ಬಾಣಂತಿ ನೀನು. ನನ್ನದೇನು, ಸರ್ಕಾರದ ಪಗಾರ ಬರತೈತಿ." ಇಷ್ಟು ಹೇಳಿ ಮಗಳ ತೊಡೆಗೆ ಸ್ಪಿರಿಟ್ ಹಚ್ಚಿದರು. ನೀನೇಕೆ ಹೇಳಲಿಲ್ಲ ಎಂದು ಅವರು ಕೇಳಲಿಲ್ಲ. ಕೇಳಿ ಕೆನ್ನೆಗೆ ಎರಡು ಬಿಗಿದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅಲ್ಲಿಂದ ಸೀದಾ ಬಾವಿಗೆ ಹೋದೆ. ಅತ್ತೆ ಇದ್ದರು, ಓಣಿಯ ಹೆಂಗಸರೆಲ್ಲ ಇದ್ದರು. "ಅತ್ತೀ, ಅವತ್ತು ಆಟ ಮುಗಿದಿತ್ತು. ಕವಡಿ ಮಗುಚಿದಾಕಿ ನಾನು, ಮೂರು ಸಲ" ಎಂದೆ. ಹಗ್ಗ ಹಿಡಿದ ಅತ್ತೆಯ ಕೈ ನಿಂತಿತು. ಕೊಡ ತುಂಬದೆಯೇ ಮನೆಗೆ ನಡೆದರು. ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೆಯ ದಿನ ಎದುರು ಮನೆಯ ಸೊಸೆಗೆ ಬೇನೆ ಶುರುವಾದಾಗ ಯಾರಿಗೂ ಹೇಳದೆ ತಾವೇ ಹೋಗಿ ನರ್ಸಮ್ಮನನ್ನು ಕರೆತಂದರು. ಚೀಲ ಅತ್ತೆಯ ಹೆಗಲ ಮೇಲಿತ್ತು.

ಅಲ್ಲಿಂದಾಚೆ ನರ್ಸಮ್ಮನಿಗೆ ಮತ್ತೆ ಕೂರಲು ಪುರುಸೊತ್ತಾಗಲಿಲ್ಲ. ರಿಟೈರಾದ ಮೇಲೆ ಒಂದೊಂದೇ ಹಲಗೆ ಇಳಿಸಿ ಆಡುತ್ತೇನೆ ಎನ್ನುತ್ತಿದ್ದರು. ಇನ್ನೂ ಎರಡು ವರ್ಷ ನೌಕರಿ ಇರುವಾಗಲೇ ಕಾಮಾಲೆಯಾಗಿ ತೀರಿಕೊಂಡರು. ಏಳು ಹಳ್ಳಿಯ ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು. ಎಲ್ಲರೂ ಒಂದೇ ಮಾತಾಡಿಕೊಂಡು ಅತ್ತರು, ಪಾಪ, ಒಂದು ದಿನವಾದರೂ ಕೂತು ಆಡಲಿಲ್ಲ ಎಂದು.

ಆಡಿದ್ದರು. ನಾಲ್ಕು ತಿಂಗಳು, ಒಬ್ಬರೇ, ಎರಡೂ ಕಡೆ ಕೂತು. ಆ ಬಿಡುವನ್ನು ಅವರಿಗೆ ಕೊಟ್ಟವಳು ನಾನು.